ನರ್ಸಿಂಗ್ ಸೀಟಿಗೆ ಅರ್ಜಿ: ಹೊಸಪೇಟೆ ಸೀಮೆಯ ನೆನಪುಗಳು

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ ಪದವಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ, ಇಂಗ್ಲಿಷ್‌ನಲ್ಲೂ ಪಾಸಾಗಿ, ಆ ಮೂರು ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ 45 ಅಂಕ ಪಡೆದವರು ಇದಕ್ಕೆ ಅರ್ಹರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇ 40 ಸಾಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಭಾರತೀಯ ನರ್ಸಿಂಗ್ ಪರಿಷತ್ತಿನ ಈ ನಿಯಮ ಹೇಳಲು ನಾಲ್ಕು ಸಾಲು ಸಾಕು. ಆದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಿಂದ ಅರ್ಜಿ ಹಾಕಿದವರ ನೆನಪಿನಲ್ಲಿ ಉಳಿದದ್ದು ಈ ನಾಲ್ಕು ಸಾಲಿನ ಆಚೆಯ ಸಂಗತಿಗಳು. ಯಾವ ಪ್ರಮಾಣಪತ್ರ ಯಾವ ಕಚೇರಿಯಲ್ಲಿ ಸಿಗುತ್ತದೆ, ಅದು ಎಷ್ಟು ಮೊದಲು ಕೈಗೆ ಬರಬೇಕು, ಕಾಲೇಜುಗಳ ಪಟ್ಟಿಯಲ್ಲಿ ಯಾವುದನ್ನು ಮೇಲೆ ಇಡಬೇಕು ಎಂಬುದು ಗೊತ್ತಿದ್ದ ಮನೆಯ ಮಗುವಿಗೂ, ಅಷ್ಟೇ ಅಂಕ ಪಡೆದು ಅದು ಗೊತ್ತಿಲ್ಲದ ಮನೆಯ ಮಗುವಿಗೂ ಒಂದೇ ಸೀಟು ಸಿಕ್ಕಿದ್ದಿಲ್ಲ. ಈ ತಿಳಿವಳಿಕೆ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಒಂದು ವರ್ಷ ಮೊದಲು ಹೋದ ಅಕ್ಕಂದಿರಿಂದ ತಂಗಿಯರಿಗೆ ಬಾಯಿಮಾತಿನಲ್ಲೇ ದಾಟಿತು.

ಈ ಸೀಮೆಯ ಅರ್ಜಿಗಳ ಕಾಲವನ್ನು 2023ರ ಹಿಂದೆ, 2023ರ ಮುಂದೆ ಎಂದು ಎರಡು ಭಾಗ ಮಾಡಬಹುದು. ಆ ವರ್ಷ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿರುವ ಕೆಇಎ, ನರ್ಸಿಂಗ್ ಪದವಿಯನ್ನೂ ಸಾಮಾನ್ಯ ಪ್ರವೇಶ ಪರೀಕ್ಷೆಯ ಒಳಗೆ ತಂದಿತು. ಅಲ್ಲಿಯತನಕ ಸಿಇಟಿ ಎಂದರೆ ಇಂಜಿನಿಯರಿಂಗ್, ಕೃಷಿ, ಫಾರ್ಮಸಿಗಳ ಮಾತಾಗಿತ್ತು. ಪಿಯುಸಿ ಅಂಕಪಟ್ಟಿ ಹಿಡಿದು ಕಾಲೇಜಿನ ಬಾಗಿಲಿಗೆ ಹೋಗುವುದೇ ನರ್ಸಿಂಗ್ ಸೇರುವ ರೂಢಿಯಾಗಿತ್ತು.

ನರ್ಸಿಂಗ್ ವೃತ್ತಿಗೂ ಈ ನೆಲಕ್ಕೂ ಇರುವ ನಂಟು ಹಳೆಯದು. 1876ರಿಂದ 78ರವರೆಗಿನ ಬರಗಾಲದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಧುನಿಕ ಶುಶ್ರೂಷೆಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಭಾರತಕ್ಕೆ ಎಂದೂ ಬಂದವರಲ್ಲ. ಆದರೂ ಆ ಬರಗಾಲದ ವರದಿಗಳನ್ನು ಲಂಡನ್ನಿನಲ್ಲಿ ಕುಳಿತು ಓದಿ, 1878ರಲ್ಲಿ ಭಾರತದ ಜನರ ಬಗ್ಗೆ ದೀರ್ಘ ಲೇಖನವೊಂದನ್ನು ಪ್ರಕಟಿಸಿದರು. ಕಾಯಿಲೆಗೆ ಮದ್ದಿಗಿಂತ ಮೊದಲು ನೀರು, ಅನ್ನ, ಸಾಲದಿಂದ ಬಿಡುಗಡೆ ಬೇಕು ಎಂಬುದು ಅವರ ವಾದ. ನೀರಾವರಿಯ ಪರವಾಗಿ ಅವರು ಯಾರ ಜೊತೆ ನಿಂತರೋ ಆ ಇಂಜಿನಿಯರ್ ಆರ್ಥರ್ ಕಾಟನ್ 1860ರಲ್ಲೇ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಆಲೋಚನೆ ಮುಂದಿಟ್ಟಿದ್ದರು. ಆ ಅಣೆಕಟ್ಟಿನ ಕೆಲಸ ಹೊಸಪೇಟೆಯ ಪಕ್ಕದಲ್ಲಿ 1945ರಲ್ಲಿ ಶುರುವಾಗಿ 1953ರಲ್ಲಿ ಮುಗಿಯಿತು. ಕಾಲುವೆ ನೀರು ಹರಿದ ಮೇಲೆ ಕಂಪ್ಲಿ ಕಡೆ ಭತ್ತ, ಕಬ್ಬು ಹೆಚ್ಚಿದವು. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸುವ ಮನೆಗಳೂ ಹೆಚ್ಚಿದವು.

ಸ್ವಾತಂತ್ರ್ಯ ಬಂದ 1947ರಲ್ಲೇ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ರಾಜ್ಯದ ದಾದಿಯರು, ಸೂಲಗಿತ್ತಿಯರು, ಆರೋಗ್ಯ ಸಂದರ್ಶಕರ ನೋಂದಣಿಗೆ 1961ರಲ್ಲಿ ಪ್ರತ್ಯೇಕ ಕಾಯ್ದೆಯಾಯಿತು. ಅದೇ 1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆಯಿತು. ಮುಂದೆ ವಿಮ್ಸ್ ಎಂದು ಹೆಸರಾದ ಆ ಸಂಸ್ಥೆಯ ಆಸ್ಪತ್ರೆ ಸುತ್ತಲಿನ ತಾಲ್ಲೂಕುಗಳಿಗೆಲ್ಲ ದೊಡ್ಡಾಸ್ಪತ್ರೆ. ಹೆರಿಗೆ ಕಷ್ಟವಾದರೆ, ಹಾವು ಕಚ್ಚಿದರೆ, ಅದಿರಿನ ಲಾರಿ ಬಡಿದರೆ ಹೊಸಪೇಟೆ, ಸಂಡೂರುಗಳಿಂದ ರೋಗಿಯನ್ನು ಅಲ್ಲಿಗೇ ಸಾಗಿಸುತ್ತಿದ್ದರು. ರೋಗಿಯ ಜೊತೆ ಹೋಗಿ ವಾರ್ಡಿನ ಹೊರಗೆ ಚಾಪೆ ಹಾಸಿದ ಮನೆಮಂದಿಯೇ ಬಿಳಿ ಬಟ್ಟೆಯ ಸಿಸ್ಟರ್‌ಗಳನ್ನು ಹತ್ತಿರದಿಂದ ಕಂಡವರು.

ಹಳ್ಳಿಯ ಹುಡುಗಿ ಮೊದಲು ಕಂಡ ನರ್ಸ್ ಬೇರೆ. ಉಪಕೇಂದ್ರದಲ್ಲಿದ್ದುಕೊಂಡು ಚುಚ್ಚುಮದ್ದು ಹಾಕುವ, ಬಸುರಿಯರ ಹೆಸರು ಬರೆದುಕೊಳ್ಳುವ ಎಎನ್‌ಎಂ ಆಕೆ. ಊರವರ ಬಾಯಲ್ಲಿ ನರ್ಸಮ್ಮ. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ನಂತರ ಈ ಹುದ್ದೆಗಳು ದೇಶದಾದ್ಯಂತ ಹೊಸ ರೂಪ ಪಡೆದವು. ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗಿಗೆ ಒಂದೂವರೆ ವರ್ಷದ ತರಬೇತಿ, ಆಮೇಲೆ ಸರ್ಕಾರಿ ಸಂಬಳ. ಕೂಲಿ ಮಾಡುವ ಮನೆಗಳಲ್ಲಿ ಈ ಲೆಕ್ಕ ಬೇಗ ಅರ್ಥವಾಗುತ್ತಿತ್ತು. ಪಿಯುಸಿ ನಂತರದ ಜಿಎನ್‌ಎಂ ಡಿಪ್ಲೊಮಾ ಅದರ ಮೇಲಿನ ಮೆಟ್ಟಿಲು. ಬಿ.ಎಸ್ಸಿ. ಪದವಿಯ ವಿಚಾರ ಈ ಭಾಗದ ಮನೆಗಳಿಗೆ ಬಂದದ್ದು ತಡವಾಗಿ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಆರಂಭವಾಗಿ ರಾಜ್ಯದ ನರ್ಸಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ಒಂದೇ ವಿಶ್ವವಿದ್ಯಾಲಯದ ಕೆಳಗೆ ಬಂದವು. ನಂತರದ ವರ್ಷಗಳಲ್ಲಿ ಖಾಸಗಿ ಕಾಲೇಜುಗಳು ಬೇಗ ಬೇಗ ಹುಟ್ಟಿದವು. ಕೇರಳದ ವಿದ್ಯಾರ್ಥಿಗಳು ರೈಲು ತುಂಬಿ ಕರ್ನಾಟಕಕ್ಕೆ ಬರುತ್ತಿದ್ದ ಕಾಲ ಅದು. ಅವರನ್ನು ನೋಡಿಯೇ ಈ ಕಡೆಯ ಪಾಲಕರಿಗೆ ನರ್ಸಿಂಗ್ ಓದಿದರೆ ದುಬೈ, ಲಂಡನ್‌ವರೆಗೂ ಹಾದಿ ಇದೆ ಎಂದು ಗೊತ್ತಾಯಿತು.

ಆ ಕಾಲದಲ್ಲಿ ಅರ್ಜಿ ಹಾಕಿದವರ ನೆನಪಿನಲ್ಲಿ ಮೂರು ವಸ್ತುಗಳಿವೆ: ದಿನಪತ್ರಿಕೆಯ ಪ್ರಕಟಣೆ, ಬ್ಯಾಂಕಿನ ಡಿ.ಡಿ., ರಿಜಿಸ್ಟರ್ಡ್ ಪೋಸ್ಟಿನ ರಸೀದಿ. ಪ್ರಕಟಣೆ ಬಂದ ದಿನದ ಪತ್ರಿಕೆ ಹಳ್ಳಿಗೆ ತಲುಪದಿದ್ದರೆ ಆ ವರ್ಷದ ಅವಕಾಶವೇ ಹೋಯಿತು. ಸರ್ಕಾರಿ ಕಾಲೇಜುಗಳ ಸೀಟು ಕಡಿಮೆ, ಪಿಯುಸಿ ಅಂಕದ ಪೈಪೋಟಿ ಜೋರು. ಉಳಿದದ್ದು ಖಾಸಗಿ ಕಾಲೇಜು. ಅಲ್ಲಿಗೆ ಕರೆದೊಯ್ಯುತ್ತಿದ್ದವರು ಏಜೆಂಟರು. ಫಲಿತಾಂಶ ಬಂದ ವಾರದಲ್ಲೇ ಮನೆ ಬಾಗಿಲಿಗೆ ಬಂದು, ಬಣ್ಣದ ಪುಸ್ತಿಕೆ ತೋರಿಸಿ, ಮೊದಲ ವರ್ಷದ ಶುಲ್ಕವನ್ನಷ್ಟೇ ಹೇಳುತ್ತಿದ್ದರು. ಹಾಸ್ಟೆಲ್, ಸಮವಸ್ತ್ರ, ಆಸ್ಪತ್ರೆಗೆ ಹೋಗಿಬರುವ ಬಸ್ಸು, ಪರೀಕ್ಷಾ ಶುಲ್ಕ ಇವೆಲ್ಲ ಸೇರಿದ ಮೇಲೆ ತಿಳಿಯುತ್ತಿದ್ದ ಬಾಬತ್ತುಗಳು. ಮೂಲ ಅಂಕಪಟ್ಟಿಯನ್ನು ಒಮ್ಮೆ ಕೊಟ್ಟರೆ ಅದು ಕೋರ್ಸು ಮುಗಿಯುವವರೆಗೆ ಕಾಲೇಜಿನ ಬೀರುವಿನಲ್ಲೇ ಉಳಿಯುತ್ತಿದ್ದುದೂ ಉಂಟು. ನಡುವೆ ಬಿಡಬೇಕೆಂದವರಿಗೆ ಬಿಡಲಾಗದಂತೆ ಕಟ್ಟಿಹಾಕಿದ್ದು ಆ ಬೀರು.

ಸಂಡೂರಿನ ಕಥೆಗೆ ಗಣಿಯ ಏರಿಳಿತವೂ ಸೇರಿದೆ. ಎನ್‌ಎಂಡಿಸಿಯ ದೋಣಿಮಲೈ ಗಣಿ, ದೇವಗಿರಿಯ ಮ್ಯಾಂಗನೀಸ್ ಗಣಿಗಳ ಸುತ್ತ ಬೆಳೆದ ವಸಾಹತುಗಳಲ್ಲಿ ಕಂಪನಿ ನೌಕರರ ಮಕ್ಕಳಿಗೆ ಶಾಲೆ, ಆಸ್ಪತ್ರೆ ಹತ್ತಿರವಿದ್ದವು. ಎರಡು ಸಾವಿರದ ನಂತರ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಸಾಲ ಮಾಡಿ ಲಾರಿ ಕೊಂಡವರೂ ಮಕ್ಕಳನ್ನು ಬೆಂಗಳೂರಿನ ಕಾಲೇಜಿಗೆ ಸೇರಿಸುವ ಧೈರ್ಯ ಮಾಡಿದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಲಾರಿಗಳು ನಿಂತವು, ಸಾಲದ ಕಂತು ನಿಲ್ಲಲಿಲ್ಲ. ಎರಡನೇ ವರ್ಷದ ಶುಲ್ಕಕ್ಕೆ ಒಡವೆ ಅಡವಿಟ್ಟ ಮನೆಗಳಿದ್ದವು, ಮಗಳನ್ನು ವಾಪಸ್ ಕರೆಸಿಕೊಂಡ ಮನೆಗಳೂ ಇದ್ದವು. ಸರ್ಕಾರಿ ಸೀಟಿನ ಬೆಲೆ ಏನೆಂಬುದು ಈ ಭಾಗಕ್ಕೆ ಚೆನ್ನಾಗಿ ಮನವರಿಕೆಯಾದದ್ದು ಆಗ.

ಅದರ ಬೆನ್ನಿಗೇ ಬಂದ ದೊಡ್ಡ ಬದಲಾವಣೆ ಸಂವಿಧಾನದ 371ಜೆ ವಿಧಿ. 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ವಿಶೇಷ ಸ್ಥಾನ ದೊರೆಯಿತು. ಅದರ ಮೇಲೆ 2013ರಲ್ಲಿ ಹೊರಟ ಆದೇಶದಂತೆ ಈ ಪ್ರದೇಶದೊಳಗಿನ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆಯ ಕಾಲೇಜುಗಳಲ್ಲಿ ಶೇ 8 ಸೀಟುಗಳು ಸ್ಥಳೀಯರಿಗೆ ಮೀಸಲು. ಈ ಪ್ರದೇಶಕ್ಕೆ ಹೈದರಾಬಾದ್ ಕರ್ನಾಟಕ ಎಂಬ ಹೆಸರಿದ್ದರೂ, ಸ್ವಾತಂತ್ರ್ಯದ ವೇಳೆಗೆ ಬಳ್ಳಾರಿ ಹೈದರಾಬಾದ್ ನಿಜಾಮರ ರಾಜ್ಯದಲ್ಲಿ ಇರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಜಿಲ್ಲೆ ಅದು. ಸಂಡೂರು ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನವಾಗಿತ್ತು. ಆದರೂ ಹಿಂದುಳಿದ ಸ್ಥಿತಿ ಒಂದೇ ಎಂಬ ಕಾರಣಕ್ಕೆ ಬಳ್ಳಾರಿಯೂ ಪಟ್ಟಿಗೆ ಸೇರಿತು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾದರೂ, ಈ ಮೀಸಲಾತಿಗೆ ಬೇಕಾದ ಸ್ಥಳೀಯರೆಂಬ ಪ್ರಮಾಣಪತ್ರವನ್ನು ಜನ ಈಗಲೂ ಹೈದರಾಬಾದ್ ಕರ್ನಾಟಕದ ಹೆಸರಿನಿಂದ ಹೈ-ಕ ಸರ್ಟಿಫಿಕೇಟ್ ಎಂದೇ ಕರೆಯುತ್ತಾರೆ.

ಈ ಪತ್ರವನ್ನು ಕೊಡುವವರು ಉಪವಿಭಾಗಾಧಿಕಾರಿ. ಅಭ್ಯರ್ಥಿ ಅಥವಾ ಹೆತ್ತವರು ಈ ಪ್ರದೇಶದವರೇ ಎಂಬುದಕ್ಕೆ ಶಾಲಾ ದಾಖಲೆ, ಪಡಿತರ ಚೀಟಿ, ಮತದಾರರ ಪಟ್ಟಿ ಮೊದಲಾದ ಆಧಾರ ಬೇಕು. ತಲೆಮಾರುಗಳಿಂದ ಒಂದೇ ಊರಿನಲ್ಲಿ ಇದ್ದವರಿಗೆ ಇದು ಸಲೀಸು. ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ತಾಂಡಾದ ಮನೆಗಳಿಗೆ ಅಷ್ಟು ಸಲೀಸಲ್ಲ. ಮಗಳು ಎರಡನೇ ಇಯತ್ತೆಯನ್ನು ಒಂದು ಜಿಲ್ಲೆಯಲ್ಲಿ, ಮೂರನೆಯದನ್ನು ಇನ್ನೊಂದರಲ್ಲಿ ಓದಿದ್ದರೆ ಶಾಲೆಯಿಂದ ಶಾಲೆಗೆ ಅಲೆದು ವ್ಯಾಸಂಗ ಪ್ರಮಾಣಪತ್ರ ತರಬೇಕು. ತುಂಗಭದ್ರಾ ಕಾಲುವೆ ಬಂದಾಗ ಆಂಧ್ರದಿಂದ ಬಂದು ಕಂಪ್ಲಿ, ಗಂಗಾವತಿ ಕಡೆಯ ಕ್ಯಾಂಪ್‌ಗಳಲ್ಲಿ ನೆಲೆಸಿದ ಕುಟುಂಬಗಳು ಹಳೆಯ ಜಮೀನು ಪತ್ರಗಳನ್ನು ಪೆಟ್ಟಿಗೆಯಿಂದ ಹೊರತೆಗೆದದ್ದೂ ಇದೇ ಕಾರಣಕ್ಕೆ.

ಇದೊಂದೇ ಪತ್ರ ಸಾಲದು. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯದು. ಅದರ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಿದರೆ ಗಣಕಯಂತ್ರವೇ ತಾಳೆ ನೋಡುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಮೀಸಲಾತಿ ಇದೆ. ಅದಕ್ಕೆ ಶಾಲೆಯ ದಾಖಲೆ, ಕ್ಷೇತ್ರ ಶಿಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ಇಲ್ಲಿ ಗ್ರಾಮೀಣ ಎಂದರೆ ಹೊಲದ ನಡುವಿನ ಮನೆ ಎಂದಲ್ಲ, ಶಾಲೆ ಇರುವ ಊರಿಗೆ ಕಾನೂನು ಕೊಟ್ಟ ದರ್ಜೆ. ಪಟ್ಟಣ ಪಂಚಾಯಿತಿಯನ್ನು ನಿಯಮ ಗ್ರಾಮೀಣ ಎಂದು ಎಣಿಸುವುದಿಲ್ಲ. ಹಂಪಿಯ ಪಕ್ಕದ ಕಮಲಾಪುರ ಪಟ್ಟಣ ಪಂಚಾಯಿತಿ, ಸುತ್ತಲಿನ ಹಳ್ಳಿಗಳು ಗ್ರಾಮ ಪಂಚಾಯಿತಿ. ಬಾಳೆ ತೋಟ ಎರಡೂ ಕಡೆ ಒಂದೇ, ಕೂಲಿ ಒಂದೇ, ಬಸ್ಸೂ ಒಂದೇ. ಕಮಲಾಪುರದ ಶಾಲೆಗೆ ನಡೆದು ಹೋದ ಹುಡುಗಿಗೆ ಗ್ರಾಮೀಣ ಮೀಸಲಾತಿ ಇಲ್ಲ, ಹಳ್ಳಿ ಶಾಲೆಯಲ್ಲೇ ಉಳಿದವಳಿಗೆ ಉಂಟು. ಸಂಡೂರು, ಕಂಪ್ಲಿ ಪಟ್ಟಣಗಳ ಅಂಚಿನ ಮನೆಗಳಲ್ಲೂ ಇದೇ ಗೆರೆ ಹಾದುಹೋಗಿದೆ. ಒಂದನೇ ತರಗತಿಗೆ ಸೇರಿಸುವ ದಿನ ಈ ಲೆಕ್ಕ ಹಾಕಿದವರು ಯಾರೂ ಇರಲಿಲ್ಲ.

ಊರು, ಜಿಲ್ಲೆಗಳ ಹೆಸರೂ ಕಾಡಿದ ಕಾಲವಿತ್ತು. 2014ರ ನವೆಂಬರ್ 1ರಂದು ಇಂಗ್ಲಿಷ್ ಬರವಣಿಗೆಯಲ್ಲಿ ಹಾಸ್ಪೆಟ್ ಹೋಗಿ ಹೊಸಪೇಟೆ ಬಂತು, ಬೆಲ್ಲಾರಿ ಹೋಗಿ ಬಳ್ಳಾರಿ ಬಂತು. 2021ರ ಫೆಬ್ರುವರಿ 8ರಂದು ವಿಜಯನಗರ ಜಿಲ್ಲೆಯ ಅಧಿಸೂಚನೆ ಹೊರಟು ಅಕ್ಟೋಬರ್ 2ರಂದು ಹೊಸಪೇಟೆಯಲ್ಲಿ ಜಿಲ್ಲೆ ಉದ್ಘಾಟನೆಯಾಯಿತು. ಹಂಪಿ ವಿಜಯನಗರ ಜಿಲ್ಲೆಗೆ ಬಂತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆ ವರ್ಷಗಳಲ್ಲಿ ಅರ್ಜಿ ಹಾಕಿದ ಹೊಸಪೇಟೆಯ ಮಗುವಿನ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಒಂದು ಜಿಲ್ಲೆ, ಹೊಸ ಪ್ರಮಾಣಪತ್ರದಲ್ಲಿ ಇನ್ನೊಂದು ಜಿಲ್ಲೆ. ಎರಡೂ ಸರಿಯಾದವೇ. ಊರಿನ ಹೆಸರಿಗಿಂತ ಹೆಚ್ಚು ತೊಡಕು ತಂದದ್ದು ಮನುಷ್ಯರ ಹೆಸರು. ಶಾಲೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಹಿಂದೆ, ಆಧಾರ್‌ನಲ್ಲಿ ಮುಂದೆ. ಒಂದರಲ್ಲಿ ಮನೆತನದ ಹೆಸರು, ಇನ್ನೊಂದರಲ್ಲಿ ಅದು ಇಲ್ಲ. ಇದನ್ನು ಸರಿಪಡಿಸಲು ವಾರಗಳು ಬೇಕು. ಆದ್ದರಿಂದ ಹಿರಿಯ ವಿದ್ಯಾರ್ಥಿನಿಯರ ಮೊದಲ ಸಲಹೆ ಯಾವಾಗಲೂ ಒಂದೇ: ದ್ವಿತೀಯ ಪಿಯುಸಿಯ ದಸರೆ ರಜೆಯಲ್ಲೇ ಕಾಗದಗಳನ್ನು ಸರಿ ಮಾಡಿಟ್ಟುಕೊಳ್ಳಬೇಕು.

ಅರ್ಜಿ ತುಂಬುವ ಜಾಗ ಸೈಬರ್ ಸೆಂಟರ್. ಮನೆಯಲ್ಲಿ ಗಣಕಯಂತ್ರ ಇಲ್ಲದವರೇ ಹೆಚ್ಚು, ಮೊಬೈಲಿನಲ್ಲಿ ತುಂಬಲು ಭಯ. ಅಂಗಡಿಯವನು ಒಂದೇ ದಿನ ಹತ್ತಾರು ಅರ್ಜಿ ತುಂಬುತ್ತಾನೆ. ಅವಸರದಲ್ಲಿ ಪ್ರವರ್ಗದ ಕಾಲಂ ತಪ್ಪಿದರೆ, ಹೈ-ಕ ಎಂಬಲ್ಲಿ ‘ಇಲ್ಲ’ ಒತ್ತಿದರೆ ಮಗುವಿಗೆ ಅದು ಗೊತ್ತಾಗುವುದು ರ‍್ಯಾಂಕ್ ಬಂದ ಮೇಲೆ. ಓಟಿಪಿ ಯಾರ ಫೋನಿಗೆ ಬರುತ್ತದೆ ಎಂಬುದೂ ಮುಖ್ಯ. ಅಂಗಡಿಯವನ ಸಂಖ್ಯೆ ಕೊಟ್ಟಿದ್ದ ಮನೆಯವರು ಮುಂದಿನ ಪ್ರತಿ ಹೆಜ್ಜೆಗೂ ಆ ಅಂಗಡಿ ತೆರೆಯುವವರೆಗೆ ಕಾದರು. ಸ್ವಂತ ಸಂಖ್ಯೆ ಕೊಟ್ಟು, ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಮುದ್ರಿತ ಪ್ರತಿಯನ್ನು ಸಾಲುಸಾಲಾಗಿ ಓದಿ ನೋಡಿದವರಿಗೆ ಆ ತಾಪತ್ರಯ ಇರಲಿಲ್ಲ.

2023ರ ಸಿಇಟಿ ಮೇ 20 ಮತ್ತು 21ರಂದು ನಡೆಯಿತು. ಹತ್ತು ದಿನ ಮೊದಲು, ಮೇ 10ರಂದು, ವಿಧಾನಸಭೆ ಚುನಾವಣೆಯ ಮತದಾನ. ಪ್ರಚಾರದ ಧ್ವನಿವರ್ಧಕದ ನಡುವೆಯೇ ಆ ವರ್ಷದ ಓದು ಸಾಗಿತು. ಮೊದಲ ದಿನ ಬೆಳಿಗ್ಗೆ ಜೀವಶಾಸ್ತ್ರ, ಮಧ್ಯಾಹ್ನ ಗಣಿತ. ಎರಡನೇ ದಿನ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ. ಪ್ರತಿ ಪತ್ರಿಕೆಗೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದೂ ಪ್ರಶ್ನೆಯನ್ನು ಖಾಲಿ ಬಿಡಬಾರದು ಎಂಬ ಮಾತು ಕೋಚಿಂಗ್‌ಗೆ ಹೋಗದವರಿಗೂ ಗೊತ್ತಿತ್ತು. ಕನ್ನಡ ಮಾಧ್ಯಮದಲ್ಲಿ ಹತ್ತರವರೆಗೆ ಓದಿ ಪಿಯುಸಿಯಲ್ಲಿ ಒಮ್ಮೆಗೇ ಇಂಗ್ಲಿಷಿಗೆ ಬಿದ್ದ ಮಕ್ಕಳಿಗೆ ಭೌತಶಾಸ್ತ್ರ ಹೆಚ್ಚು ತೊಡಕಾಯಿತು, ಜೀವಶಾಸ್ತ್ರ ಕೈ ಹಿಡಿಯಿತು. ಸಂಡೂರಿನಿಂದ, ಕಂಪ್ಲಿಯಿಂದ ಹೊಸಪೇಟೆಯ ಕೇಂದ್ರಗಳಿಗೆ ಬಂದವರು ಬೆಳಗಿನ ಮೊದಲ ಬಸ್ಸು ಹಿಡಿಯಬೇಕಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಕಾಲೇಜಿನ ಕಾಂಪೌಂಡಿನ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ ಪಾಲಕರ ಸಾಲು ಆ ಎರಡೂ ದಿನ ಇತ್ತು.

ಫಲಿತಾಂಶ ಜೂನ್ 15ರಂದು ಬಂತು. ಒಂದೇ ಮಗುವಿಗೆ ಬೇರೆ ಬೇರೆ ಕೋರ್ಸುಗಳ ಬೇರೆ ಬೇರೆ ರ‍್ಯಾಂಕ್. ನರ್ಸಿಂಗ್ ರ‍್ಯಾಂಕ್ ಲಕ್ಷದ ಆಚೆ ಬಂದವರು ಸೀಟಿಲ್ಲ ಎಂದೇ ತಿಳಿದು ಕುಳಿತದ್ದು ಆ ಮೊದಲ ವರ್ಷದ ದೊಡ್ಡ ತಪ್ಪು ತಿಳಿವಳಿಕೆ. ರ‍್ಯಾಂಕ್ ಪಟ್ಟಿಯಲ್ಲಿ ಇರುವವರೆಲ್ಲ ನರ್ಸಿಂಗ್ ಬಯಸಿದವರಲ್ಲ. ವೈದ್ಯಕೀಯ, ಪಶುವೈದ್ಯಕೀಯ, ಕೃಷಿ, ಫಾರ್ಮಸಿಗೆ ಹೋಗುವವರ ಹೆಸರೂ ಅದರಲ್ಲಿ ಇರುತ್ತದೆ. ಅವರು ಸರಿದಂತೆ ಪಟ್ಟಿ ಕೆಳಗಿಳಿಯುತ್ತದೆ. ಹೈ-ಕ, ಪ್ರವರ್ಗ, ಗ್ರಾಮೀಣ, ಕನ್ನಡ ಮಾಧ್ಯಮ ಎಲ್ಲವೂ ಇದ್ದ ಮಗುವಿಗೆ ರ‍್ಯಾಂಕಿನ ಸಂಖ್ಯೆ ಹೆದರಿಸುವಷ್ಟು ನಿಜವಾದ ದೂರ ಇರಲಿಲ್ಲ. ಸಂಡೂರು, ಕಂಪ್ಲಿ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ವಾಲ್ಮೀಕಿ ನಾಯಕ ಸಮುದಾಯ ಇಲ್ಲಿ ದೊಡ್ಡದು. ಆ ಮನೆಗಳ ಮಕ್ಕಳಿಗೆ ಮೀಸಲಾತಿಯೊಳಗೂ ತಮ್ಮತಮ್ಮಲ್ಲೇ ಪೈಪೋಟಿ ಇತ್ತು.

ಪೈಪೋಟಿಯ ನಿಜವಾದ ಘಟ್ಟ ಆಪ್ಷನ್ ಎಂಟ್ರಿ. ಅಭ್ಯರ್ಥಿ ತನಗೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಬೇಕು. ಯಂತ್ರ ಪಟ್ಟಿಯ ಮೇಲಿನಿಂದ ಕೆಳಗೆ ನೋಡುತ್ತ, ಆ ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಟ್ಟು ನಿಲ್ಲುತ್ತದೆ. ಸಿಗಲಾರದು ಎಂದುಕೊಂಡು ಬೇಕಾದ ಕಾಲೇಜನ್ನು ಕೆಳಗೆ ಇಟ್ಟವರಿಗೆ ಮೇಲಿದ್ದ ಬೇಡದ ಕಾಲೇಜೇ ಸಿಕ್ಕಿತು. ನಾಲ್ಕೈದು ಹೆಸರು ಬರೆದು ಸುಮ್ಮನಾದವರಿಗೆ ಏನೂ ಸಿಗಲಿಲ್ಲ. ಮೊದಲು ಬರುವ ಅಣಕು ಹಂಚಿಕೆ ಈ ತಪ್ಪುಗಳನ್ನು ತಿದ್ದಿಕೊಳ್ಳಲೆಂದೇ ಇರುವುದು. ಅದನ್ನೇ ನಿಜವಾದ ಸೀಟೆಂದು ಸಿಹಿ ಹಂಚಿದ ಮನೆಗಳೂ ಇದ್ದವು.

ಪಟ್ಟಿಯ ಕ್ರಮ ಮಾಡುವಾಗ ಮನೆಯಲ್ಲಿ ನಡೆದ ಚರ್ಚೆ ದೂರದ್ದು. ಬಳ್ಳಾರಿ ಹೊಸಪೇಟೆಯಿಂದ ಒಂದೂವರೆ ತಾಸಿನ ಹಾದಿ, ಕೊಪ್ಪಳ ಇನ್ನೂ ಹತ್ತಿರ. ಬೆಂಗಳೂರಿಗಾದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಕಂಪ್ಲಿಯವರಿಗೆ ನದಿಯ ಆಚೆಯ ಗಂಗಾವತಿ ಕೂಗಳತೆಯಲ್ಲಿ ಇದ್ದಂತೆ. ಆದರೆ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಹಾದಿ ಬಂದಾಗುತ್ತದೆ, ಸುತ್ತು ಹಾಕಿ ಹೋಗಬೇಕಾಗುತ್ತದೆ. ಹತ್ತಿರದ ಕಾಲೇಜಾದರೆ ಹೈ-ಕ ಶೇ 70ರ ಬಲ ಇತ್ತು, ದೂರದ ಬೆಂಗಳೂರಾದರೆ ಶೇ 8 ಮಾತ್ರ. ಮಗಳು ಕಣ್ಣೆದುರು ಇರಲಿ ಎಂಬ ತಾಯಿಯ ಆಸೆಯೂ ಕಾನೂನಿನ ಲೆಕ್ಕವೂ ಇಲ್ಲಿ ಒಂದೇ ಕಡೆಗೆ ವಾಲಿದವು. ಬೆಂಗಳೂರಿನ ಕೋಟೆ ಆವರಣದ ಸರ್ಕಾರಿ ನರ್ಸಿಂಗ್ ಕಾಲೇಜನ್ನು ಬಯಸಿದವರು ಅದನ್ನು ಪಟ್ಟಿಯ ತಲೆಗೆ ಇಟ್ಟು, ಬಳ್ಳಾರಿ, ಕೊಪ್ಪಳ, ರಾಯಚೂರು, ಕಲಬುರಗಿಗಳನ್ನು ಅದರ ಕೆಳಗೆ ಜೋಡಿಸಿದರು.

ಕಾಲೇಜನ್ನು ಅಳೆಯಲು ಅಕ್ಕಂದಿರು ಹೇಳಿಕೊಟ್ಟ ಪ್ರಶ್ನೆಗಳು ಕಟ್ಟಡದ ಬಗ್ಗೆ ಇರಲಿಲ್ಲ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ಪರಿಷತ್ತಿನ ನಿಯಮ ಕೇಳುವುದು ಕನಿಷ್ಠ 100 ಹಾಸಿಗೆಯ ಆಸ್ಪತ್ರೆ. ಆ ಹಾಸಿಗೆಗಳಲ್ಲಿ ರೋಗಿಗಳು ಇರುತ್ತಾರೆಯೇ? ಹೆರಿಗೆಗಳು ಆಗುತ್ತವೆಯೇ? ನರ್ಸಿಂಗ್ ಕಲಿಯುವುದು ಹೆಚ್ಚಿನಂಶ ವಾರ್ಡಿನಲ್ಲಿ. ರೋಗಿ ಇಲ್ಲದ ಆಸ್ಪತ್ರೆಗೆ ಸೇರಿದವರು ದಾಖಲೆ ಪುಸ್ತಕ ತುಂಬಿಸಲು ಬೇರೆ ಊರಿನ ಆಸ್ಪತ್ರೆಗೆ ಅಲೆಯಬೇಕಾಯಿತು. ಸರ್ಕಾರಿ ಜಿಲ್ಲಾ ಆಸ್ಪತ್ರೆಗೆ ಅಂಟಿಕೊಂಡ ಕಾಲೇಜಿನಲ್ಲಿ ಗೋಡೆಯ ಬಣ್ಣ ಹೋಗಿದ್ದರೂ ಕಲಿಕೆಗೆ ಕೊರತೆ ಇರುವುದಿಲ್ಲ ಎಂಬುದು ಅವರ ಅನುಭವದ ಮಾತು.

ಸೀಟು ಹಂಚಿಕೆಯಾದ ಮೇಲೆ ಅಭ್ಯರ್ಥಿಯ ಮುಂದೆ ನಾಲ್ಕು ಆಯ್ಕೆ. ಸೀಟು ಒಪ್ಪಿ, ಶುಲ್ಕ ಕಟ್ಟಿ ಕಾಲೇಜಿಗೆ ಸೇರುವುದು ಒಂದನೆಯದು. ಸೀಟನ್ನು ಕೈಯಲ್ಲಿಟ್ಟುಕೊಂಡೇ ಮೇಲಿನದಕ್ಕೆ ಮುಂದಿನ ಸುತ್ತಿನಲ್ಲಿ ಪ್ರಯತ್ನಿಸುವುದು ಎರಡನೆಯದು. ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು ಮೂರನೆಯದು. ಇಡೀ ಪ್ರಕ್ರಿಯೆಯಿಂದ ಹೊರಬರುವುದು ನಾಲ್ಕನೆಯದು. ಅರ್ಥವಾಗದೆ ನಾಲ್ಕನ್ನು ಒತ್ತಿದರೆ ಮತ್ತೆ ಒಳಗೆ ಬರುವ ಹಾದಿ ಇಲ್ಲ. ಎರಡನೆಯದು ಜಾಣ ಹೆಜ್ಜೆ ಎಂಬುದು ಮೊದಲ ವರ್ಷದವರ ಪಾಠ. ಆದರೆ ಶುಲ್ಕದ ಹಣ ಕೈಯಲ್ಲಿ ಸಿದ್ಧವಿರಬೇಕು, ಚಲನ್ ಕಟ್ಟಲು ಸಿಗುವುದು ಕೆಲವೇ ದಿನ.

ಹಣದ ಹಾದಿಗಳೂ ಕಾಗದದ ಹಾದಿಗಳೇ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ, ಶುಲ್ಕ ಮರುಪಾವತಿ ಮತ್ತು ವಿದ್ಯಾರ್ಥಿವೇತನದ ಬಾಗಿಲು. ಹಿಂದುಳಿದ ವರ್ಗ, ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ ಕಲ್ಯಾಣ ಇಲಾಖೆಗಳ ಹಾಸ್ಟೆಲ್‌ಗಳಿಗೆ ಬೇರೆ ಅರ್ಜಿ. ಮರುಪಾವತಿ ಬರುವುದು ಆಮೇಲೆ, ಕಟ್ಟುವುದು ಈಗ. ಈ ನಡುವಿನ ತಿಂಗಳುಗಳನ್ನು ಸ್ತ್ರೀಶಕ್ತಿ ಸಂಘದ ಸಾಲ, ಸೋದರಮಾವನ ಕೈಗಡ, ಮಾರಿದ ಒಂದು ಎಮ್ಮೆ ದಾಟಿಸಿದವು.

ಕೆಇಎ ಒಂದೇ ಬಾಗಿಲಲ್ಲ. ಬೆಂಗಳೂರಿನ ನಿಮ್ಹಾನ್ಸ್ ತನ್ನದೇ ಪ್ರವೇಶ ಪ್ರಕ್ರಿಯೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ. ಏಮ್ಸ್ ಸಂಸ್ಥೆಗಳಿಗೆ ದೇಶಮಟ್ಟದ ಪ್ರವೇಶ ಪರೀಕ್ಷೆ ಇದೆ. ಸೇನಾ ನರ್ಸಿಂಗ್ ಸೇವೆಯ ಆರು ಕಾಲೇಜುಗಳಲ್ಲಿ ಒಟ್ಟು 220 ಸೀಟು, ಅದರಲ್ಲಿ ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯವು 40. ಅದು ಹೆಣ್ಣುಮಕ್ಕಳಿಗೆ ಮಾತ್ರ, ನೀಟ್ ಅಂಕ ಬೇಕು. ಆಯ್ಕೆಯಾದವರ ಓದಿನ ಖರ್ಚು ಸೇನೆಯದು, ಬದಲಿಗೆ ಬಾಂಡ್ ಬರೆದು ಸೇವೆ ಸಲ್ಲಿಸಬೇಕು. ಈ ಸೀಮೆಯಿಂದ ಈ ಬಾಗಿಲುಗಳನ್ನು ತಟ್ಟಿದವರು ಕಡಿಮೆ. ಸುದ್ದಿ ತಲುಪುವುದು ತಡ, ಕೋಚಿಂಗ್ ದೂರ. ಪದವಿ ಸೀಟು ಸಿಗದವರಿಗೆ ಮೂರು ವರ್ಷದ ಜಿಎನ್‌ಎಂ ಇದೆ. ಅದನ್ನು ಮುಗಿಸಿ ನೋಂದಣಿ ಪಡೆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಅದೇ ಪದವಿಯ ಮಟ್ಟ ತಲುಪಬಹುದು. ಕೆಲಸ ಮಾಡುತ್ತಲೇ ಮನೆ ನಡೆಸಿ ಆ ಹಾದಿಯಲ್ಲಿ ಹೋದವರು ಬಹಳ.

ಮನೆಯ ಒಪ್ಪಿಗೆ ಕಾನೂನಿನ ಯಾವ ನಮೂನೆಯಲ್ಲೂ ಇಲ್ಲದ ಕಾಗದ. ನೈಟ್ ಡ್ಯೂಟಿ, ಗಂಡಸರ ವಾರ್ಡು, ರಕ್ತ, ಮಲಮೂತ್ರ ಎಂಬ ಮಾತುಗಳು ಅಜ್ಜಿಯರ ಬಾಯಲ್ಲಿ ಬಂದೇ ಬರುತ್ತಿದ್ದವು. ವರ ಸಿಗುವುದಿಲ್ಲ ಎಂಬ ಭಯ ಹಿಂದೆ ದೊಡ್ಡದಿತ್ತು. ಸರ್ಕಾರಿ ಕೆಲಸದ ನರ್ಸ್ ಸೊಸೆ ಬೇಕು ಎಂದು ಕೇಳಿ ಬರುವವರು ಬಂದ ಮೇಲೆ ಆ ಮಾತು ಮೆಲ್ಲಗಾಯಿತು. ಕೋವಿಡ್ ಇನ್ನಷ್ಟು ಬದಲಿಸಿತು. 2021ರ ಮೇ ತಿಂಗಳಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಳಿ, ಕಾರ್ಖಾನೆಯ ಆಮ್ಲಜನಕವನ್ನೇ ಕೊಳವೆಯಲ್ಲಿ ತಂದು, 1000 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಸಂಡೂರು, ಹೊಸಪೇಟೆಗಳ ಜನ ಹಗಲಿರುಳು ದುಡಿಯುವ ನರ್ಸ್‌ಗಳನ್ನು ಪಿಪಿಇ ಕಿಟ್‌ನೊಳಗೆ ಕಂಡರು. ಗಂಡುಮಕ್ಕಳೂ ಈ ಓದಿಗೆ ಅರ್ಜಿ ಹಾಕುವುದು ಅಷ್ಟರಲ್ಲಿ ಮಾಮೂಲಾಗಿತ್ತು. ಸಿಸ್ಟರ್ ಎಂದು ಕರೆಸಿಕೊಳ್ಳಲಾಗದ ಅವರನ್ನು ರೋಗಿಗಳು ಬ್ರದರ್ ಎಂದು ಕರೆದರು.

ಕಾಲೇಜಿಗೆ ಹಾಜರಾಗುವ ದಿನ ಮೂಲ ದಾಖಲೆ, ವೈದ್ಯಕೀಯ ಅರ್ಹತಾ ಪತ್ರ, ಲಸಿಕೆಯ ವಿವರ, ಭಾವಚಿತ್ರಗಳನ್ನು ಒಯ್ಯಬೇಕು. ಮೂಲ ಅಂಕಪಟ್ಟಿ ಕೊಟ್ಟರೆ ಸಹಿ, ಮೊಹರು ಇರುವ ಸ್ವೀಕೃತಿ ಪಡೆಯಬೇಕು. ಪ್ರತಿ ಕಾಗದದ ಐದಾರು ಝೆರಾಕ್ಸ್ ಮನೆಯಲ್ಲಿ ಇರಬೇಕು. 2021ರಲ್ಲಿ ರಾಜಪತ್ರದಲ್ಲಿ ಬಂದ ಹೊಸ ಪಠ್ಯಕ್ರಮದಂತೆ ಓದು ಎಂಟು ಸೆಮಿಸ್ಟರ್‌ಗಳದು. ಮೊದಲ ಸೆಮಿಸ್ಟರಿನಲ್ಲಿ ಸಂವಹನ ಇಂಗ್ಲಿಷ್, ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಜೊತೆಗೆ ನರ್ಸಿಂಗ್‌ನ ಮೂಲ ಪಾಠಗಳು. ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ಆರು ತಿಂಗಳು ಕಷ್ಟದವು. ವಾರ್ಡಿಗೆ ಹೋದ ಮೇಲೆ ಅದೇ ಕನ್ನಡ ಅವರಿಗೆ ಬಲವಾಯಿತು. ಗಂಗಾವತಿಯ ಕೂಲಿಯ ನೋವನ್ನು, ಲಂಬಾಣಿ ತಾಂಡಾದ ಬಾಣಂತಿಯ ಅಂಜಿಕೆಯನ್ನು ಕೇಳಿ ತಿಳಿದು ಡಾಕ್ಟರಿಗೆ ಹೇಳಬಲ್ಲವರು ಅವರೇ ಆಗಿದ್ದರು.

ಎಂಟು ಸೆಮಿಸ್ಟರ್ ಮುಗಿದು ವಿಶ್ವವಿದ್ಯಾಲಯದ ಪದವಿ ಬಂದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಅದಾದ ಬಳಿಕವೇ ನೋಂದಾಯಿತ ನರ್ಸ್ ಮತ್ತು ಸೂಲಗಿತ್ತಿ ಎಂಬ ಮಾನ್ಯತೆ, ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ಅರ್ಹತೆ. ಹೊರದೇಶಕ್ಕೆ ಹೋಗುವವರು ಆಯಾ ದೇಶದ ಪರೀಕ್ಷೆಗಳನ್ನು ಬೇರೆಯಾಗಿ ಬರೆಯುತ್ತಾರೆ. ಊರಿಗೆ ಮರಳಿದವರು ಸಾಮಾನ್ಯವಾಗಿ ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರ ಅಥವಾ ಗಣಿ ಮತ್ತು ಉಕ್ಕಿನ ಕಂಪನಿಗಳ ಆಸ್ಪತ್ರೆಗಳಲ್ಲಿ ಕೆಲಸ ಹಿಡಿಯುತ್ತಾರೆ. ಪಿಯುಸಿ ಫಲಿತಾಂಶ ಬರುವ ತಿಂಗಳಲ್ಲಿ ಕಾಗದದ ಚೀಲ ಹಿಡಿದು ಬರುವ ಮುಂದಿನ ತಂಡಕ್ಕೆ ಆಪ್ಷನ್ ಪಟ್ಟಿ ಬರೆದುಕೊಡುವ ಕೆಲಸವೂ ಡ್ಯೂಟಿ ಮುಗಿದ ಮೇಲೆ ಅವರ ಪಾಲಿಗೇ ಬರುತ್ತದೆ.